ಐದನೇ ವಾರದ ಸ್ಕ್ಯಾನಿಂಗ್‌ನಲ್ಲಿ ಹೃದಯ ಬಡಿತ ಕಾಣಲಿಲ್ಲ, ಗಾಬರಿಯಾಗಿದೆ

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಬಸಿರು. ಮುಟ್ಟು ಐದು ದಿನ ತಡವಾದಾಗ ಮನೆಯಲ್ಲೇ ಕಿಟ್‌ನಿಂದ ಪರೀಕ್ಷಿಸಿಕೊಂಡೆ, ಎರಡು ಗೆರೆ ಬಂದವು. ಮೊನ್ನೆ ಚಿಕ್ಕಮಗಳೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಐದು ವಾರವಾಗಿದೆ, ಗರ್ಭಕೋಶದಲ್ಲಿ ಸಣ್ಣದೊಂದು ಚೀಲ ಮಾತ್ರ ಕಾಣುತ್ತಿದೆ, ಎರಡು ವಾರ ಬಿಟ್ಟು ಬನ್ನಿ ಎಂದು ಕಳುಹಿಸಿದರು. ನಾವು ಲೆಕ್ಕ ಹಾಕಿದರೆ ಮೂರು ವಾರವಷ್ಟೇ ಆಗುತ್ತದೆ. ಮಗು ಬೆಳೆಯುತ್ತಿಲ್ಲವೇನೋ ಎಂಬ ಭಯಕ್ಕೆ ರಾತ್ರಿ ನಿದ್ದೆಯಿಲ್ಲ. ಇನ್ನೊಂದು ಮಾತು, ಕಾಫಿ ತೋಟದಲ್ಲೇ ಹುಟ್ಟಿ ಬೆಳೆದ ನನಗೆ ಈಗ ಡಿಕಾಕ್ಷನ್ ಇಳಿಯುವ ವಾಸನೆಗೇ ಹೊಟ್ಟೆ ತೊಳಸುತ್ತದೆ. ಅತ್ತೆಯವರು ಕಾಫಿಯನ್ನು ಪೂರ್ತಿ ಬಿಡು ಎನ್ನುತ್ತಾರೆ. ಬಿಡಲೇಬೇಕೇ?

ಉತ್ತರ 1 (ಹಾಸನ, ಇಬ್ಬರು ಮಕ್ಕಳ ತಾಯಿ)

ತಂಗಿ, ನಿಮ್ಮ ಲೆಕ್ಕವೂ ತಪ್ಪಲ್ಲ, ಡಾಕ್ಟರರ ಲೆಕ್ಕವೂ ತಪ್ಪಲ್ಲ. ಬಸಿರಿನ 40 ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ಕಟ್ಟುವುದು ಅದಾದ ಸುಮಾರು ಎರಡು ವಾರಕ್ಕೆ, ಆದ್ದರಿಂದ ಮೊದಲ ಎರಡು ವಾರ ಹೊಟ್ಟೆಯಲ್ಲಿ ಮಗುವೇ ಇರುವುದಿಲ್ಲ. ಐದನೇ ವಾರದಲ್ಲಿ ಚೀಲ ಮಾತ್ರ ಕಾಣುವುದು ಸಹಜ, ಬಡಿತ ಕಾಣಲು ಸಾಮಾನ್ಯವಾಗಿ ಆರರಿಂದ ಏಳನೇ ವಾರವಾಗಬೇಕು. ಮುಟ್ಟು ತಡವಾಗಿ ಬರುವ ರೂಢಿಯವರಿಗೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ನನಗೂ ಮೊದಲನೆಯ ಮಗುವಿನಲ್ಲಿ ಹೀಗೇ ಆಗಿತ್ತು. ಏಳೂವರೆ ವಾರಕ್ಕೆ ಹೋದಾಗ ಪರದೆಯ ಮೇಲೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಏನೋ ಮಿಣುಕುತ್ತಿತ್ತು, ಅದೇ ಹೃದಯ ಎಂದರು. ಕೆಲವರಿಗೆ ಎರಡನೇ ಸಲವೂ ಬಡಿತ ಕಾಣದೆ ಗರ್ಭ ನಿಲ್ಲುವುದಿಲ್ಲ ಎಂಬುದನ್ನು ಮುಚ್ಚಿಡಲಾರೆ, ಆದರೆ ಈಗಿನ ಚಿತ್ರವೊಂದನ್ನೇ ನೋಡಿ ಹಾಗೆಂದುಕೊಳ್ಳಲು ಕಾರಣವಿಲ್ಲ.

ಉತ್ತರ 2 (ಸಕಲೇಶಪುರ, ನರ್ಸ್)

ವಾಸನೆ ಹಿಡಿಸದಿರುವುದು, ವಾಕರಿಕೆ, ಸ್ತನಗಳಲ್ಲಿ ನೋವು, ಕೂತಲ್ಲೇ ತೂಕಡಿಕೆ, ಪದೇ ಪದೇ ಮೂತ್ರ ಇವೆಲ್ಲ ಹಾರ್ಮೋನುಗಳಿಂದಾಗುವಂಥವು. ವಾಕರಿಕೆ ಒಂಬತ್ತನೇ ವಾರದ ಹೊತ್ತಿಗೆ ಹೆಚ್ಚಾಗಿ, ಮೂರು ತಿಂಗಳು ತುಂಬಿದ ಮೇಲೆ ಬಹುತೇಕರಿಗೆ ಇಳಿಯುತ್ತದೆ. ಕಾಫಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಿದ್ದರೆ ಸಾಕು, ಅಂದರೆ ಒಂದೆರಡು ಸಣ್ಣ ಲೋಟ. ಆದರೆ ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟಿರುವುದರಿಂದ ಮನೆಯ ಪುಡಿ ಯಾವುದೆಂದು ನೋಡಿಕೊಳ್ಳಿ, ಕುಡಿಯುವ ಚಹಾವನ್ನೂ ಲೆಕ್ಕಕ್ಕೆ ಸೇರಿಸಿ.

ಇದಕ್ಕಿಂತ ಮುಖ್ಯವಾದುದು ಫೋಲಿಕ್ ಆಸಿಡ್. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಆರನೇ ವಾರದ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯನ್ನು ಇನ್ನೂ ಶುರು ಮಾಡದಿದ್ದರೆ ಇಂದೇ ಡಾಕ್ಟರರನ್ನು ಕೇಳಿ ಶುರು ಮಾಡಿ. ಸಕ್ಕರೆ ಕಾಯಿಲೆ ಅಥವಾ ಮೂರ್ಛೆರೋಗವಿದ್ದರೆ ಪ್ರಮಾಣ ಬೇರೆ ಇರುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡನ್ನೂ ಮಾಡಿಸಿಕೊಳ್ಳಿ.

ಉತ್ತರ 3 (ಚಿಕ್ಕಮಗಳೂರು)

ತೋಟದ ಮನೆಯಲ್ಲಿರುವವರಿಗೆ ಒಂದು ಮಾತು. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ಹೆಚ್ಚು ರಕ್ತಸ್ರಾವ, ತಲೆಸುತ್ತಿ ಬೀಳುವುದು, ಹೆಗಲ ತುದಿಯ ನೋವು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಹೀಗಾಗುತ್ತದೆ. ನೀರೂ ನಿಲ್ಲದಷ್ಟು ವಾಂತಿಯಾದರೂ ಅಷ್ಟೇ, ಆಸ್ಪತ್ರೆಗೆ ಹೋಗಲೇಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಫೋನ್ ಸಿಗುವುದೇ ಕಷ್ಟ, ಆದ್ದರಿಂದ 108ಕ್ಕೆ ಕರೆ ಹೋಗುವ ಜಾಗ ಎಲ್ಲಿದೆ, ರಾತ್ರಿ ಯಾರ ಜೀಪು ಸಿಗುತ್ತದೆ ಎಂಬುದನ್ನು ಮನೆಯವರೆಲ್ಲ ಈಗಲೇ ತಿಳಿದುಕೊಂಡಿರಲಿ.