ಓದುಗರ ಸ್ಪಂದನ: ಸಭೆಗೆ ಬಾರದ ಪೋಷಕರು, ಹಿಡಿತಕ್ಕೆ ಸಿಗದ ಪಾಠಯೋಜನೆ

ಸಮಸ್ಯೆ: ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ನಾಲ್ಕು ಮತ್ತು ಐದನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುತ್ತಾರೆ. ಬರೆದ ಪಾಠಯೋಜನೆ ಒಂದು, ನಡೆಯುವ ಪಾಠ ಇನ್ನೊಂದು. ಪೋಷಕರ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಮಂದಿ. ವಾಟ್ಸ್‌ಆ್ಯಪ್ ಸಂದೇಶಕ್ಕೆ ಉತ್ತರ ಬರುವುದಿಲ್ಲ, ಬಂದರೆ ರಾತ್ರಿ ಹತ್ತರ ಮೇಲೆ ಕರೆ ಬರುತ್ತದೆ. ಏನು ಮಾಡಲಿ ಎಂದು ಅವರು ಕೇಳಿದ್ದರು.

*

ತಂಗೀ, ನಿಮ್ಮ ಯೋಜನೆ ತಪ್ಪುತ್ತಿರುವುದು ಬರವಣಿಗೆಯಿಂದಲ್ಲ, ಪಂಚಾಂಗದಿಂದ. ನಮ್ಮ ಕಡೆ ಜುಲೈನಲ್ಲಿ ಮಳೆ ರಜೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮಕ್ಕಳು ನಿದ್ದೆಗಣ್ಣಿನಲ್ಲಿ ಬರುತ್ತಾರೆ. ವಾರ್ಷಿಕ ಯೋಜನೆ ಬರೆಯುವಾಗಲೇ ಇವನ್ನು ಗುರುತು ಹಾಕಿಕೊಳ್ಳಿ. ಹೊಸ ಪರಿಕಲ್ಪನೆಗಳನ್ನು ಜೂನ್‌ನಲ್ಲಿ ಮತ್ತು ಮಳೆ ಇಳಿದ ಮೇಲೆ ಇಟ್ಟುಕೊಂಡು, ಜುಲೈಗೆ ಓದು, ಬರವಣಿಗೆ, ಪುನರಾವರ್ತನೆ ಸಾಕು.

ಎರಡು ತರಗತಿಗೆ ಎರಡು ಯೋಜನೆ ಬರೆದು ಸುಸ್ತಾಗಬೇಡಿ. ಭಿನ್ನರಾಶಿ ಇಬ್ಬರಿಗೂ ಇದೆ. ಒಂದು ಅಕ್ಕಿರೊಟ್ಟಿಯನ್ನು ಎಲ್ಲರೆದುರು ನಾಲ್ಕು ಸಮ ತುಂಡು ಮಾಡಿ. ಒಂದನ್ನು ಒಬ್ಬನಿಗೆ ಕೊಟ್ಟು, ಉಳಿದದ್ದೆಷ್ಟು ಎಂದು ಕೇಳಿ. ಇಷ್ಟು ಇಬ್ಬರಿಗೂ ಒಟ್ಟಿಗೆ. ಬಳಿಕ ನಾಲ್ಕನೆಯವರು ಚಿತ್ರ ಬರೆದು ಮುಕ್ಕಾಲು ಭಾಗಕ್ಕೆ ಬಣ್ಣ ಹಾಕಲಿ; ಐದನೆಯವರನ್ನು ನಿಮ್ಮ ಬಳಿ ಕೂರಿಸಿಕೊಂಡು ಛೇದ ಒಂದೇ ಇರುವ ಲೆಕ್ಕ ಕೂಡಿಸಿ. ರೊಟ್ಟಿ ಯಾರಿಗೆ ಎಂಬ ಜಗಳ ಹೇಗೂ ಆಗುತ್ತದೆ, ಅದಕ್ಕೂ ಐದು ನಿಮಿಷ ಇಟ್ಟುಕೊಳ್ಳಿ! ಸಂಜೆ ಯೋಜನೆಯ ಕೆಳಗೆ 'ಇಂದು ಉಳಿದದ್ದು' ಎಂದು ಎರಡೇ ಸಾಲು ಬರೆದರೆ ಮರುದಿನದ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದರೆ ಆ ಎರಡು ಸಾಲನ್ನೇ ಮೊದಲು ತೋರಿಸಿ.

– ನಿವೃತ್ತ ಮುಖ್ಯ ಶಿಕ್ಷಕಿ, ತೀರ್ಥಹಳ್ಳಿ

*

ಮೇಡಂ, ನಾನು ಶಿಕ್ಷಕಿಯಲ್ಲ, ಸಭೆಗೆ ಬಾರದ ತಾಯಂದಿರಲ್ಲಿ ಒಬ್ಬಳು. ಕೊಯ್ಲಿನ ಕಾಲದಲ್ಲಿ ಹಗಲು ತೋಟದಲ್ಲಿ, ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಸುಲಿದ ಅಡಿಕೆಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಆ ದಿನದ ಕೂಲಿ ಹೋಯಿತು ಎಂದೇ ಅರ್ಥ. ಇನ್ನು ಮೊಬೈಲ್ ಇರುವುದು ಮನೆಯವರ ಹತ್ತಿರ. ನೆಟ್‌ವರ್ಕ್ ಸಿಗಬೇಕಾದರೆ ದಿಬ್ಬ ಹತ್ತಬೇಕು. ನೀವು ಕಳಿಸುವ ಉದ್ದನೆಯ ಸೂಚನೆ ತೆರೆದುಕೊಳ್ಳುವ ಹೊತ್ತಿಗೆ ಅದರಲ್ಲಿ ಹೇಳಿದ ದಿನ ಕಳೆದಿರುತ್ತದೆ.

ಇನ್ನೊಂದು ಮಾತು, ಬೇಸರಿಸಬೇಡಿ. ಶಾಲೆಯಿಂದ ಕರೆ ಬಂತೆಂದರೆ ಹುಡುಗ ಏನೋ ಮಾಡಿಕೊಂಡಿದ್ದಾನೆ ಎಂದೇ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯದು ಹೇಳಲು ಯಾರೂ ಕರೆಯುವುದಿಲ್ಲ. ಹೋದ ವರ್ಷ ನನ್ನ ಮಗನ ಪುಸ್ತಕದಲ್ಲಿ ಅವನ ಟೀಚರ್ 'ಇಂದು ತಡವರಿಸದೆ ಒಂದು ಪುಟ ಓದಿದ' ಎಂದು ಬರೆದಿದ್ದರು. ಅದನ್ನು ಅವನ ಅಜ್ಜಿಗೂ ಓದಿ ಹೇಳಿದೆವು. ಮುಂದಿನ ಸಭೆಗೆ ಅಜ್ಜಿಯೇ ಹೊರಟರು.

– ತಾಯಿ, ಸಾಗರ ತಾಲ್ಲೂಕು

*

ಮೇಲಿನ ಇಬ್ಬರ ಮಾತೂ ಸರಿ. ಆದರೆ ಎಲ್ಲ ಹೊಂದಾಣಿಕೆಯನ್ನೂ ಶಿಕ್ಷಕಿಯೇ ಮಾಡಿಕೊಳ್ಳಬೇಕೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ ಪ್ರಕಾರ ಪೋಷಕರೊಡನೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆಯ ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ, ನಿಜ. ಅದೇ ಕಾಯ್ದೆಯ ಅನುಸೂಚಿ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸ ಎನ್ನುವಾಗ ಪೂರ್ವಸಿದ್ಧತೆಯ ಹೊತ್ತನ್ನೂ ಅದರೊಳಗೇ ಸೇರಿಸಿದೆ. ಅಂದರೆ ಪಾಠಯೋಜನೆ ಮನೆಯ ಅಡುಗೆ ಮುಗಿದ ಮೇಲೆ ಮಾಡುವ ಕೆಲಸವಲ್ಲ. ಸಂಜೆ ಇಂತಿಷ್ಟು ಹೊತ್ತು ಕರೆ ಮಾಡಬಹುದು ಎಂದು ಮೊದಲೇ ಹೇಳಿ, ಉಳಿದ ಹೊತ್ತಿನಲ್ಲಿ ಫೋನ್ ಪಕ್ಕಕ್ಕಿಡಿ. ಮಗುವಿನ ಅಂಕ, ನಡತೆಯ ವಿಷಯವನ್ನು ಮಾತ್ರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎತ್ತಲೇಬೇಡಿ, ಊರಿಗೆಲ್ಲ ಸುದ್ದಿಯಾಗುತ್ತದೆ.

– ಪ್ರೌಢಶಾಲಾ ಶಿಕ್ಷಕ, ಭದ್ರಾವತಿ

*

ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಕಾಯ್ದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅವರನ್ನು ಸಹಿ ಹಾಕಲಷ್ಟೇ ಕರೆಯದೆ ಒಬ್ಬೊಬ್ಬರಿಗೆ ಒಂದೊಂದು ಕೇರಿಯ ಹೊಣೆ ಕೊಡಿ. ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಎಲ್ಲರೂ ಸಿಗುತ್ತಾರೆ, ಹೇಳಬೇಕಾದ್ದು ಅಲ್ಲೇ ಮುಟ್ಟುತ್ತದೆ. ಮಳೆಗಾಲದಲ್ಲಿ ಸಂಜೆಯ ಸಭೆ ಮಾತ್ರ ಬೇಡ. ನಮ್ಮಲ್ಲಿ ಹಳ್ಳ ದಾಟಿ ಮನೆ ಸೇರಬೇಕಾದವರಿದ್ದಾರೆ.

– ಸೊರಬ