ಉಚಿತ ಬಸ್ಸಿನ ಖರ್ಚು ಯಾವ ಪುಟದಲ್ಲಿದೆ? ಲೆಕ್ಕಪರಿಶೋಧಕರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಸಾರಿಗೆ ಸಂಸ್ಥೆಗಳ ಲೆಕ್ಕಪತ್ರಗಳನ್ನು ಬಹುಕಾಲದಿಂದ ಪರಿಶೀಲಿಸುತ್ತಿರುವ ಲೆಕ್ಕಪರಿಶೋಧಕರೊಬ್ಬರು ಇಂದು ನಮ್ಮೊಂದಿಗಿದ್ದಾರೆ. ಉಚಿತ ಸಾರ್ವಜನಿಕ ಸಾರಿಗೆಯಲ್ಲಿ ತೆರಿಗೆದಾರರ ಕಣ್ಣಿಗೆ ಬೀಳದ ಖರ್ಚುಗಳ ಬಗ್ಗೆ ಮಾತ್ರ ಕೇಳಬೇಕಾಗಿ ವಿನಂತಿ.

ನಿವೃತ್ತ ಶಿಕ್ಷಕಿ: ನಮಸ್ಕಾರ ಸರ್. ಪ್ರಯಾಣಿಕರು ಕೊಡದ ಹಣವನ್ನು ಕೊನೆಗೆ ಕೊಡುವವರು ಯಾರು?

ಲೆಕ್ಕಪರಿಶೋಧಕರು: ನಮಸ್ಕಾರ ಮೇಡಂ. ತೆರಿಗೆದಾರರೇ ಕೊಡುತ್ತಾರೆ. ಎಷ್ಟು ಕೊಡುತ್ತಾರೆಂಬುದು ಮೊದಲು ಟಿಕೆಟ್ಟಿನಿಂದ ಎಷ್ಟು ಬರುತ್ತಿತ್ತು ಎಂಬುದನ್ನು ಅವಲಂಬಿಸುತ್ತದೆ. ಲಕ್ಸೆಂಬರ್ಗ್ 2020ರಲ್ಲಿ ದೇಶದಾದ್ಯಂತ ಬಸ್ಸು, ಟ್ರಾಮ್ ಮತ್ತು ಎರಡನೇ ದರ್ಜೆಯ ರೈಲು ಪ್ರಯಾಣವನ್ನು ಉಚಿತಗೊಳಿಸಿದಾಗ, ಟಿಕೆಟ್ ಆದಾಯ ಒಟ್ಟು ವೆಚ್ಚದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿತ್ತು. ಅರ್ಧದಷ್ಟು ವೆಚ್ಚ ಟಿಕೆಟ್ಟಿನಿಂದಲೇ ಹುಟ್ಟುವ ಊರು ಅದನ್ನು ಅನುಕರಿಸಿದರೆ ಹೊರೆ ಬೇರೆಯೇ ಆಗಿರುತ್ತದೆ.

ಸದಸ್ಯರೊಬ್ಬರು: ನನಗೆ ಬಂದ ಸಂದೇಶ ಹೀಗಿದೆ: "ಟಿಕೆಟ್ ತೆಗೆದುಹಾಕಿದರೆ ಯಂತ್ರ, ತಪಾಸಣೆ ಮತ್ತು ನಗದು ಎಣಿಕೆಯ ಖರ್ಚು ಉಳಿದು ಯೋಜನೆ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳುತ್ತದೆ. ಹತ್ತು ಜನರಿಗೆ ಕಳುಹಿಸಿ." ನಿಜವೇ ಸರ್?

ಲೆಕ್ಕಪರಿಶೋಧಕರು: ದಯವಿಟ್ಟು ಹತ್ತು ಜನರಿಗೆ ಕಳುಹಿಸಬೇಡಿ. ಎಲ್ಲರಿಗೂ ಉಚಿತವಾದರೆ ಆ ಖರ್ಚು ಸ್ವಲ್ಪ ಉಳಿಯುತ್ತದೆ. ಕೆಲವರಿಗಷ್ಟೇ ಉಚಿತವಾದರೆ ಯಂತ್ರವೂ ಇರಬೇಕು, ತಪಾಸಣೆಯೂ ಇರಬೇಕು, ಅದರ ಮೇಲೆ ಶೂನ್ಯ ದರದ ಚೀಟಿಗಳ ಲೆಕ್ಕವನ್ನೂ ಇಡಬೇಕು.

ಲೆಕ್ಕ ವಿಭಾಗದ ನೌಕರೆ: ನಾನು ಒಂದು ಸಾರಿಗೆ ಸಂಸ್ಥೆಯಲ್ಲಿದ್ದೇನೆ. ಉಚಿತ ಪ್ರಯಾಣ ಬಂದ ಮೇಲೆ ಬಸ್ಸುಗಳು ತುಂಬಿ ತುಳುಕುತ್ತಿವೆ. ಸರ್ಕಾರ ತುಂಬಿಕೊಡಬೇಕಾದ ಹಣ ಏಳು ತಿಂಗಳಿಂದ ಬಂದಿಲ್ಲ. ಆದರೂ ಲೆಕ್ಕಪತ್ರದಲ್ಲಿ ಲಾಭವಿದೆ, ದುರಸ್ತಿ ವೆಚ್ಚ ಕಳೆದ ವರ್ಷಕ್ಕಿಂತ ಇಳಿದಿದೆ. ಎಲ್ಲರೂ ಸಂತೋಷದಲ್ಲಿದ್ದಾರೆ. ನನಗೇಕೋ ಸಮಾಧಾನವಿಲ್ಲ.

ಲೆಕ್ಕಪರಿಶೋಧಕರು: ನಿಮ್ಮ ಅಸಮಾಧಾನಕ್ಕೆ ಕಾರಣವಿದೆ. ಬರಬೇಕಾದ ಹಣವನ್ನು ಬಂದ ಆದಾಯವೆಂದೇ ಬರೆದುಕೊಂಡಿರುವುದರಿಂದ ಲಾಭ ಕಾಣುತ್ತಿದೆ, ಪೆಟ್ಟಿಗೆಯಲ್ಲಿ ಹಣವಿಲ್ಲ. ಸಂಬಳ ಮತ್ತು ಇಂಧನ ಕಾಯುವುದಿಲ್ಲ, ಹಾಗಾಗಿ ಸಂಸ್ಥೆ ಸಾಲ ಮಾಡುತ್ತದೆ, ನೌಕರರ ಭವಿಷ್ಯನಿಧಿಯ ಕಂತನ್ನು ಮುಂದೂಡುತ್ತದೆ. ಆ ಸಾಲದ ಬಡ್ಡಿ "ಹಣಕಾಸು ವೆಚ್ಚ" ಎಂಬ ಬೇರೆ ಪುಟದಲ್ಲಿ ಕೂರುವುದರಿಂದ, ಉಚಿತ ಯೋಜನೆಯ ಖರ್ಚೆಷ್ಟೆಂದು ಕೇಳಿದವರಿಗೆ ಅದನ್ನು ಯಾರೂ ತೋರಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ದುರಸ್ತಿ ವೆಚ್ಚ. ಹೊರೆ ಹೆಚ್ಚಿದರೆ ಬ್ರೇಕ್ ಲೈನಿಂಗ್, ಕ್ಲಚ್, ಸ್ಪ್ರಿಂಗ್ ಪಟ್ಟಿ ಎಲ್ಲವೂ ಬೇಗ ಸವೆಯುತ್ತವೆ, ವೆಚ್ಚ ಏರಲೇಬೇಕು. ಇಳಿದಿದ್ದರೆ ಕೆಲಸವನ್ನು ಮುಂದಕ್ಕೆ ಹಾಕಿದ್ದಾರೆಂದೇ ಅರ್ಥ. ಒಮ್ಮೆ ಡಿಪೋದ ಹಿಂಬದಿಗೆ ಹೋಗಿ ನೋಡಿ. ನಾನು ಕಂಡ ಒಂದು ಡಿಪೋದಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ ಬಸ್ಸಿಗೆ ಗೇರ್‌ಬಾಕ್ಸ್ ಇರಲಿಲ್ಲ, ಮುಂದಿನ ಎರಡು ಚಕ್ರಗಳಿರಲಿಲ್ಲ. ಕಾಗದದಲ್ಲಿ ಮಾತ್ರ ಅದು "ಸೇವೆಯಲ್ಲಿ" ಇತ್ತು. ಒಂದರ ಭಾಗ ಕಳಚಿ ಇನ್ನೊಂದಕ್ಕೆ ಜೋಡಿಸಿದರೆ ಪುಸ್ತಕದಲ್ಲಿ ಬಿಡಿಗಾಸೂ ಖರ್ಚಾಗುವುದಿಲ್ಲ. ಐದು ವರ್ಷದ ನಂತರ ಒಟ್ಟಿಗೆ ಹೊಸ ಬಸ್ಸು ಕೊಳ್ಳುವಾಗ ಆ ಬಿಲ್ಲು ಬರುತ್ತದೆ, ಆಗ ಅದನ್ನು "ಆಧುನೀಕರಣ" ಎನ್ನುತ್ತಾರೆ.

ಸರ್ಕಾರ ತುಂಬಿಕೊಡುವ ದರ ಯಾವ ವರ್ಷದ್ದೆಂಬುದನ್ನೂ ನೋಡಿ. ಇಂಧನ ಏರಿ ದರ ಹಳೆಯದಾಗಿಯೇ ಉಳಿದಿದ್ದರೆ ಪ್ರತಿ ಪ್ರಯಾಣಕ್ಕೂ ಸಂಸ್ಥೆ ಕೈಯಿಂದ ಹಾಕುತ್ತಿದೆ.

ಹೊಸ ಸದಸ್ಯರು: ಸರ್, ಈ ಹಣವನ್ನು ಕೊನೆಗೆ ಯಾರು ಕೊಡುತ್ತಾರೆ?

ಲೆಕ್ಕಪರಿಶೋಧಕರು: ಮೇಲೆ ನೋಡಿ.

ಕಾರು ಮಾಲೀಕರು: ನಾನು ಬಸ್ಸು ಹತ್ತುವುದೇ ಇಲ್ಲ. ನನ್ನ ತೆರಿಗೆ ಅದಕ್ಕೇಕೆ ಹೋಗಬೇಕು?

ನಿತ್ಯ ಪ್ರಯಾಣಿಕರು: ನೀವು ದಿನವಿಡೀ ಕಾರು ನಿಲ್ಲಿಸುವ ರಸ್ತೆಯಂಚಿಗೆ ಬಾಡಿಗೆ ಕೊಡುತ್ತೀರಾ? ಅದೂ ತೆರಿಗೆದಾರರ ಜಾಗವೇ.

ಕಾರು ಮಾಲೀಕರು: ನಾನು ವಾಹನ ತೆರಿಗೆ ಕಟ್ಟಿದ್ದೇನೆ. ಪುಕ್ಕಟೆ ಪ್ರಯಾಣಿಸುವವರಿಂದ ಪಾಠ ಬೇಕಿಲ್ಲ.

ನಿತ್ಯ ಪ್ರಯಾಣಿಕರು: ಪುಕ್ಕಟೆ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ಟ್ಯಾಲಿನ್ ನಗರ ಉಚಿತ ಪ್ರಯಾಣದಿಂದ ಲಾಭವನ್ನೇ ಮಾಡಿದೆ, ಓದಿಕೊಳ್ಳಿ.

ಲೆಕ್ಕಪರಿಶೋಧಕರು: ಇದೂ ಫಾರ್ವರ್ಡ್ ಆಗಿ ಬಂದದ್ದೇ ಇರಬೇಕು. ಎಸ್ಟೋನಿಯಾದ ಟ್ಯಾಲಿನ್ 2013ರಲ್ಲಿ ತನ್ನ ನೋಂದಾಯಿತ ನಿವಾಸಿಗಳಿಗೆ ಮಾತ್ರ ಪ್ರಯಾಣವನ್ನು ಉಚಿತಗೊಳಿಸಿತು. ಅಲ್ಲಿ ನಿವಾಸಿಗಳ ಆದಾಯ ತೆರಿಗೆಯ ಒಂದು ಪಾಲು ಅವರು ನೋಂದಾಯಿಸಿಕೊಂಡ ಸ್ಥಳೀಯ ಆಡಳಿತಕ್ಕೆ ಹೋಗುವುದರಿಂದ, ಬೇರೆಡೆ ನೋಂದಣಿಯಿದ್ದವರು ನಗರಕ್ಕೆ ಬದಲಾಯಿಸಿಕೊಂಡಾಗ ಅದರ ಬೊಕ್ಕಸ ತುಂಬಿತು. ಅದೇ ಹಣ ಅವರ ಹಿಂದಿನ ಊರಿನ ಬೊಕ್ಕಸದಿಂದ ಹೋಯಿತು. ದೇಶದ ಲೆಕ್ಕದಲ್ಲಿ ಇದನ್ನು ಲಾಭವೆನ್ನಲಾಗದು. ಬೆಲ್ಜಿಯಂನ ಹ್ಯಾಸೆಲ್ಟ್ 1997ರಲ್ಲಿ ಉಚಿತ ಸೇವೆ ಆರಂಭಿಸಿ, ಪ್ರಯಾಣಿಕರು ಹಲವು ಪಟ್ಟು ಹೆಚ್ಚಿ, ವೆಚ್ಚ ಭಾರವಾಗಿ, 2013ರಲ್ಲಿ ಅದನ್ನು ಕೈಬಿಟ್ಟಿತು. ಕಾರು ಮಾಲೀಕರಿಗೂ ಒಂದು ಮಾತು: ರಸ್ತೆಯಂಚಿನ ಬಗ್ಗೆ ನಿತ್ಯ ಪ್ರಯಾಣಿಕರು ಕೇಳಿದ್ದು ಸರಿಯಾದ ಪ್ರಶ್ನೆ.

ವಿದ್ಯಾರ್ಥಿ: ವಿದ್ಯುತ್ ಬಸ್ಸುಗಳಾದರೆ ಈ ಲೆಕ್ಕ ಬದಲಾಗುತ್ತದೆಯೇ ಸರ್?

ಕಾರು ಮಾಲೀಕರು: ಉತ್ತರ ಕೊಡುವವರೇ ಪಕ್ಷ ವಹಿಸಿದರೆ ಕೇಳಿ ಏನು ಪ್ರಯೋಜನ?

ಗುಂಪಿನ ನಿರ್ವಾಹಕರು: ವೈಯಕ್ತಿಕ ಮಾತುಗಳನ್ನು ನಿಲ್ಲಿಸಿ. ಇದು ಎರಡನೇ ಎಚ್ಚರಿಕೆ.

ಇನ್ನೊಬ್ಬ ಸದಸ್ಯರು: ಬಸ್ಸಿನ ಮೇಲೆ ಜಾಹೀರಾತು ಹಾಕಿದರೆ ಪೂರ್ತಿ ಖರ್ಚು ಬರುತ್ತದೆಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ.

ಲೆಕ್ಕಪರಿಶೋಧಕರು: ಬರುವುದಿಲ್ಲ.

ಲೆಕ್ಕ ವಿಭಾಗದ ನೌಕರೆ: ಸರ್, ನಾಳೆ ವಾರ್ಷಿಕ ಲೆಕ್ಕಪತ್ರಕ್ಕೆ ನಾನೂ ಸಹಿ ಹಾಕಬೇಕಿದೆ.

ಲೆಕ್ಕಪರಿಶೋಧಕರು: ಬಾಕಿ ಎಷ್ಟು ತಿಂಗಳದ್ದು, ಭಾಗಗಳಿಲ್ಲದೆ ನಿಂತ ಬಸ್ಸುಗಳೆಷ್ಟು, ಭವಿಷ್ಯನಿಧಿಗೆ ಕಟ್ಟದ ಮೊತ್ತವೆಷ್ಟು ಎಂಬ ಮೂರು ಸಾಲುಗಳ ಟಿಪ್ಪಣಿಯನ್ನು ಕಡತದಲ್ಲಿ ಸೇರಿಸಿ, ಸ್ವೀಕೃತಿ ಪಡೆದು, ನಂತರ ಸಹಿ ಹಾಕಿ. ಟಿಪ್ಪಣಿಯ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.