ಪದಚರ್ಚೆ: ಚೀನೀ ಮೂಲಿಕೆಗಳ ನಾಲ್ಕು ‘ಛಿ’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಚೀನೀ ವೈದ್ಯದ ಮೂಲಿಕೆಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ. ಒಂದೊಂದಕ್ಕೂ ಒಂದೇ ಸಾಲು: ರುಚಿ, ‘ಛಿ’ (ಮೈಗೆ ತಂಪೋ ಬಿಸಿಯೋ ಎನ್ನುವ ಗುಣ), ಯಾವ ಅಂಗಕ್ಕೆ. ಛಿ ನಾಲ್ಕು, ತೀರ ತಂಪಿನಿಂದ ತೀರ ಬಿಸಿಯವರೆಗೆ: ಹಾನ್, ಲ್ಯಾಂಗ್, ವೆನ್, ರ, ನಡುವೆ ಎತ್ತಲೂ ವಾಲದ ‘ಪಿಂಗ್’. ಶೀತ, ಉಷ್ಣ ಎಂದರೆ ಎರಡೇ ಆಯಿತು. ‘ಛಿ’ಯನ್ನು ಹಾಗೇ ಫಲಕಕ್ಕೇರಿಸುವ ಧೈರ್ಯವಿಲ್ಲ.
— ಸು.

ವೀರ್ಯ. ಮದ್ದಿನ ಶೀತ-ಉಷ್ಣದ ಬಲಕ್ಕೆ ಆಯುರ್ವೇದದಲ್ಲಿ ಸಿದ್ಧಪದ ಇರುವಾಗ ಹೊಸದು ಹೊಸೆಯುವ ಚಟವೇಕೆ?
— ಕೆ.ವಿ.

‘ನಾಲ್ಕು ವೀರ್ಯ’ ಅಂತ ಬರೆದು ಶಾಲೆಯ ಮಕ್ಕಳನ್ನು ಕರೆಸಿ, ನೋಡೋಣ. ಅದಿರಲಿ, ಲೆಕ್ಕವೂ ಕೂಡದು. ನಮ್ಮಲ್ಲಿ ಕಟುರಸ, ಅಂದರೆ ಖಾರ, ಬಹುಪಾಲು ಉಷ್ಣವೀರ್ಯವೇ. ಅವರಲ್ಲಿ ಪುದೀನದ ಜಾತಿಯ ಬೋಹ ಖಾರ, ಆದರೆ ತಂಪು. ಹಸಿಶುಂಠಿ ತುಸು ಬೆಚ್ಚನೆ, ಒಣಗಿದರೆ ಬಿಸಿ. ದಿಹ್ವಾಂಗ್ ಬೇರು ಬೇಯಿಸದೆ ಒಣಗಿಸಿದ್ದು ತಣ್ಣನೆ, ಮದ್ಯದಲ್ಲಿ ಬೇಯಿಸಿದ್ದು ತುಸು ಬೆಚ್ಚನೆ. ಹಾಗಾಗಿ ಬರೀ ಗಿಡದ ಹೆಸರು ಸಾಲದು. ಹಸಿಯೋ ಒಣಗಿದ್ದೋ ಬೆಂದದ್ದೋ ಬರೆಯಲೇಬೇಕು.

‘ಶೀತ’ವಂತೂ ಬೇಡ. ‘ಶೀತದ ಮೂಲಿಕೆ’ ಎಂದರೆ ಜನ ನೆಗಡಿ ಮದ್ದು ಅಂತಲೇ ಓದುವುದು. ಚಳಿಹಿಡಿದ ನೆಗಡಿಗೆ ಅವರು ಕೊಡುವ ಮಾಹ್ವಾಂಗ್ (ಎಫೆಡ್ರಾ ಗಿಡ) ಬೆಚ್ಚನೆಯದು. ಹಾನ್ ಗುಂಪಿನದಾಗಿ ‘ಶೀತ’ ಎನಿಸಿಕೊಳ್ಳುವ ದಾಹ್ವಾಂಗ್ ಬೇರು ಭೇದಿ ಮಾಡಿಸುತ್ತದೆ.
— ಎಂ.

ತಣ್ಣನೆ, ತಂಪು, ಬೆಚ್ಚನೆ, ಬಿಸಿ. ಮುಗಿಯಿತು. ಮೊದಲೆರಡಕ್ಕೆ ಬೇರು ‘ತಣ್’ (ತಣಿವು ನೋಡಿ), ಕೊನೆಯೆರಡಕ್ಕೆ ‘ಬೇ’ (ಬಿಸಿಲು, ಬೇಸಗೆ). ಎರಡೇ ಬೇರಿಗೆ ನಾಲ್ಕು ಮೆಟ್ಟಿಲು ಇರುವಾಗ ಸಂಸ್ಕೃತದ ಹಂಗೇಕೆ? ಪಿಂಗ್‌ಗೆ ‘ಹದ’.
— ಬ.

‘ಹದ’ ಎಂದರೆ ಪಾಕ ಸರಿಬಂದದ್ದು, ‘ಸಮ’ ಇರಲಿ. ‘ಬಿಸಿ’ ಎಂದರೆ ಕಷಾಯ ಬಿಸಿಬಿಸಿ ಕುಡಿಯಬೇಕು ಅಂತ ಓದುತ್ತಾರೆ. ಎಳನೀರು ತಂಪು, ಪಪ್ಪಾಯಿ ಉಷ್ಣ ಎನ್ನದ ಮನೆ ಯಾವುದು? ಅಂಥ ‘ಉಷ್ಣ’ವನ್ನು ಹೊರಗಟ್ಟಿ, ರುಚಿಯ ಹೆಸರಾಗಿ ಕ್ಷಾರದ ತದ್ಭವವಾದ ‘ಖಾರ’ವನ್ನು ಮಾತ್ರ ಒಳಗಿಟ್ಟುಕೊಳ್ಳುವುದು ಯಾವ ನ್ಯಾಯ?
— ಎಂ.

ತದ್ಭವವಲ್ಲ. ‘ಕಾರ’. ತಮಿಳಿನಲ್ಲೂ ಕಾರಂ. ಮಹಾಪ್ರಾಣ ಆಮೇಲೆ ಅಂಟಿಸಿದ್ದು.
— ಬ.

ತಮಿಳರು ಕ್ಷಾರವನ್ನೂ ಕಾರಂ ಅಂತಲೇ ಬರೆಯುತ್ತಾರೆ, ಸ್ವಾಮಿ.
— ಕೆ.ವಿ.

ಮಹಾಪ್ರಾಣದ ಜಗಳ ಬೇರೆ ಎಳೆಗೆ ಒಯ್ಯಿರಿ. ಇಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು ‘ಮೂಲಿಕೆ’. ಚೀನೀ ವೈದ್ಯ ಲಿ ಶಿಜೆನ್‌ನ ಮದ್ದಿನ ಗ್ರಂಥ 1596ರಲ್ಲಿ ಅಚ್ಚಾಯಿತು. ಅದರ 1892 ದ್ರವ್ಯಗಳಲ್ಲಿ ಕಲ್ಲು, ಚಿಪ್ಪು, ಜೀರುಂಡೆಯ ಪೊರೆ ಎಲ್ಲ ಇವೆ. ಶಿಗಾವ್ ಅಂದರೆ ಜಿಪ್ಸಮ್: ಖಾರ-ಸಿಹಿ, ಅತಿ ತಣ್ಣನೆ. ಅದು ಯಾವ ಗಿಡದ ಬೇರು? ‘ಮದ್ದು’ ಅನ್ನಿ.
— ಜಿ.

ಅಚ್ಚಿಗೆ ಕೊಟ್ಟೆ. ತಲೆಬರಹ ‘ಮದ್ದಿನ ಗುಣ’. ಕ್ರಮ: ತಣ್ಣನೆ, ತಂಪು, ಸಮ, ಬೆಚ್ಚನೆ, ಉಷ್ಣ. ಮಾದರಿ ಸಾಲು: ‘ಒಣಶುಂಠಿ: ಖಾರ, ಉಷ್ಣ, ಗುಲ್ಮ, ಜಠರ, ಮೂತ್ರಪಿಂಡ, ಹೃದಯ, ಶ್ವಾಸಕೋಶ.’
— ಸು.

ನಾಲ್ಕು ಕನ್ನಡ ಪದ ಕೊಟ್ಟರೆ ಮೂರು ತಗೊಂಡಿರಿ. ನಿಮ್ಮ ಫಲಕ, ನಿಮ್ಮಿಷ್ಟ.
— ಬ.